ಕಡಲಾಮೆ ಮೊಟ್ಟೆ: ಉಷ್ಣಾಂಶಕ್ಕಿಂತ ಮೊದಲು ನೀರು ನೋಡಿ

ಹೊನ್ನಾವರದ ಕಡೆ ಭರತದ (ಸಮುದ್ರದ ಉಬ್ಬರದ) ಗೆರೆಗೆ ಹತ್ತಿರದಲ್ಲಿ ಆಲಿವ್ ರಿಡ್ಲಿ ಕಡಲಾಮೆಯ ಗೂಡು ಕಂಡಿದ್ದೀರಿ, ಮರಳಿನ ಉಷ್ಣಾಂಶ ಅಳೆದು ಮೊಟ್ಟೆ ಬೇರೆಡೆ ಇಡಬಹುದಾ ಅಂತ ಕೇಳಿದ್ದೀರಿ. ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿ ಇದು, ಅನುಮತಿ ಇಲ್ಲದೆ ಮೊಟ್ಟೆ ಮುಟ್ಟುವಂತಿಲ್ಲ.

ಉಷ್ಣಾಂಶ ಆಮೇಲಿನ ಮಾತು, ಮೊದಲು ನೀರು. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಅಷ್ಟರಲ್ಲಿ ಮೂರ್ನಾಲ್ಕು ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತ ಬಂದೇ ಬರುತ್ತದೆ. ಹಾಗಾಗಿ ಇವತ್ತಿನ ಒದ್ದೆ ಗೆರೆ ನಂಬಬೇಡಿ. ಎರಡು ತಿಂಗಳ ಭರತ-ಇಳಿತದ ಪಟ್ಟಿ ಇಟ್ಟುಕೊಂಡು, ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆಯನ್ನೂ ನೋಡುತ್ತಿರಿ. ಒಂದು ಸಲ ಅಲೆ ಹಾದು ಹೋದರೆ ಮೊಟ್ಟೆ ತಡೆದುಕೊಳ್ಳಬಹುದು. ಪದೇ ಪದೇ ನೀರು ನಿಂತರೆ ಭ್ರೂಣ ಉಸಿರುಗಟ್ಟಿ ಸಾಯುತ್ತದೆ.

ಉಷ್ಣಾಂಶವನ್ನು ಮೊಟ್ಟೆ ಇರುವ ಆಳದಲ್ಲೇ, ಅಂದರೆ ಸುಮಾರು ಒಂದೂವರೆ ಅಡಿ ಕೆಳಗೆ ಅಳೆಯಬೇಕು. ಅದೂ ಗೂಡಿನೊಳಗಲ್ಲ, ಪಕ್ಕದ ಮರಳಲ್ಲಿ. ಮೇಲಿನ ಮರಳು ಕಾಲು ಸುಡುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ! 30 ಡಿಗ್ರಿ ಆಸುಪಾಸಿನಲ್ಲಿ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದಷ್ಟೂ ಹೆಣ್ಣೇ ಹೆಚ್ಚು. 35ರ ಹತ್ತಿರ ಬಹಳ ದಿನ ನಿಂತರೆ ಅಪಾಯ. ಬರೀ ಬಿಸಿಯೇ ತೊಂದರೆಯಾದರೆ ಗೂಡು ಕದಲಿಸುವುದಕ್ಕಿಂತ ಮೇಲೊಂದು ನೆರಳು ಹಾಕಿಸುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಗೂಡು ನಿನ್ನೆ ರಾತ್ರಿಯದಾದರೆ ಇಲಾಖೆಗೆ ಬೇಗ ತಿಳಿಸಿ. ಮೊಟ್ಟೆ ಇಟ್ಟ ಕೆಲವು ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಮಗುಚಿದರೆ ಉಳಿಯುವುದು ಕಷ್ಟ.