ಓದುಗರ ಪ್ರಶ್ನೆ: ಕೈಯಲ್ಲಿ ಎರಡು ಪಾಸ್‌ಪೋರ್ಟ್, ಊರಿಗೆ ಬರೋದು ಯಾವುದರಲ್ಲಿ?

ರಜ, ಮದುವೆ ಸೀಸನ್ ಹತ್ರ ಬಂತು ಅಂದ್ರೆ ನನಗೆ ಬರೋ ಪತ್ರಗಳೆಲ್ಲ ಪಾಸ್‌ಪೋರ್ಟ್ ಬಗ್ಗೇನೇ. ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದಿರೋದನ್ನೆಲ್ಲ ಒಟ್ಟಿಗೆ ತಗೊಂಡಿದೀನಿ, ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ ನಮಸ್ಕಾರ. ನನ್ನ ಮಗಳು ನ್ಯೂಜೆರ್ಸಿಲಿ ಇದಾಳೆ, ಹೋದ ವರ್ಷ ಅಮೆರಿಕದ ಸಿಟಿಜನ್ ಆದ್ಲು. ನನ್ನ ತಮ್ಮನ ಮಗನ ಮದುವೆಗೆ ಮುಂದಿನ ತಿಂಗಳು ಬರ್ಬೇಕು. ಅವಳ ಇಂಡಿಯನ್ ಪಾಸ್‌ಪೋರ್ಟ್ 2031ರವರೆಗೂ ಇದೆ, ಓಸಿಐ (ಬೇರೆ ದೇಶದ ಪ್ರಜೆ ಆದ ಭಾರತ ಮೂಲದವರು ವೀಸಾ ಇಲ್ಲದೆ ಇಲ್ಲಿಗೆ ಬಂದು ಹೋಗೋಕೆ ಕೊಡೋ ಕಾರ್ಡು) ಇನ್ನೂ ಮಾಡಿಸಿಲ್ಲ. ಇಲ್ಲಿ ಟಿಕೆಟ್ ಮಾಡೋ ಏಜೆಂಟ್ ಒಬ್ಬ, ಇಂಡಿಯನ್ ಪಾಸ್‌ಪೋರ್ಟಲ್ಲೇ ಬಂದುಬಿಡ್ಲಿ ಬಿಡಿ ಆಂಟಿ, ಹೋಗೋವಾಗ ಅಮೆರಿಕದ್ದು ತೋರಿಸಿದ್ರೆ ಆಯ್ತು ಅಂದ. ಹುಟ್ಟಿದ ಊರಿಗೆ ಬರೋಕೆ ಯಾಕೆ ವೀಸಾ ಅಂತ ಅವಳಿಗೂ ಬೇಜಾರು. ಏನ್ಮಾಡೋದು? (ತಾಯಿ, ಮಂಡ್ಯ)

ಉತ್ತರ: ಅಮ್ಮ, ಆ ಏಜೆಂಟ್ ಮಾತು ದಯವಿಟ್ಟು ಕೇಳಬೇಡಿ. ಕೈಮುಗಿದು ಹೇಳ್ತೀನಿ, ಇವತ್ತೇ ಮಗಳಿಗೆ ಫೋನ್ ಮಾಡಿ, ಆ ಹಳೇ ಪಾಸ್‌ಪೋರ್ಟನ್ನ ಹ್ಯಾಂಡ್‌ಬ್ಯಾಗಿಂದ ಆಚೆ ತೆಗೆದಿಡು ಅನ್ನಿ.

ನಮ್ಮ ದೇಶದಲ್ಲಿ ಎರಡು ಪೌರತ್ವ ಅನ್ನೋದು ಇಲ್ಲ. ಸಂವಿಧಾನದ 9ನೇ ವಿಧಿಲೂ ಅದೇ ಇದೆ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ನಲ್ಲೂ ಅದೇ ಇದೆ, ತಾನಾಗಿ ಇಷ್ಟಪಟ್ಟು ಇನ್ನೊಂದು ದೇಶದ ಪೌರತ್ವ ತಗೊಂಡ್ರೆ ಆ ಕ್ಷಣಕ್ಕೆ ಭಾರತದ್ದು ಹೋಯ್ತು. ಯಾರೂ ಬಂದು ಕಿತ್ಕೊಳ್ಳೋದು ಬೇಡ, ನೋಟಿಸ್ ಬರೋದೂ ಬೇಡ, ತಾನಾಗೇ ಹೋಗುತ್ತೆ. ನಿಮ್ಮ ಮಗಳು ಅಲ್ಲಿ ಕೈ ಎತ್ತಿ ಪ್ರಮಾಣ ಮಾಡಿದ ದಿನಾನೇ ಅವಳ ಇಂಡಿಯನ್ ಪಾಸ್‌ಪೋರ್ಟಿನ ಜೀವ ಹೋಗಿದೆ, ಒಳಗೆ 2031 ಅಂತ ಪ್ರಿಂಟ್ ಆಗಿರೋದಕ್ಕೆ ಬೆಲೆ ಇಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿರೋದೇ ಅಲ್ಲಿನ ಪೌರತ್ವ ತಗೊಂಡಿದ್ದಕ್ಕೆ ಪೂರ್ತಿ ಸಾಕ್ಷಿ ಅನ್ನೋ ನಿಯಮಾನ ಸುಪ್ರೀಂ ಕೋರ್ಟು 1962ರಲ್ಲೇ ಎತ್ತಿಹಿಡಿದಿದೆ, ಹಾಗಾಗಿ ಗೊತ್ತಿರಲಿಲ್ಲ ಅಂದ್ರೆ ನಡೆಯಲ್ಲ.

ಈಗ ಏಜೆಂಟ್ ಹೇಳಿದ ಹಾಗೆ ಬಂದ್ಲು ಅಂತಾನೇ ಇಟ್ಕೊಳಿ. ಬರೋವಾಗ ಏನೂ ಆಗದೇ ಇರಬಹುದು, ಅದೇ ಮೋಸ. ಅಮೆರಿಕದಲ್ಲಿ ಹೊರಡೋವಾಗ ನಮ್ಮ ಥರ ಇಮಿಗ್ರೇಷನ್ ಕೌಂಟರ್ ಇಲ್ಲ, ವಿಮಾನದವರು ಇಂಡಿಯನ್ ಪಾಸ್‌ಪೋರ್ಟ್ ನೋಡ್ತಾರೆ ಹತ್ತಿಸ್ತಾರೆ, ದೇವನಹಳ್ಳಿಲಿ ಇಂಡಿಯನ್ಸ್ ಸಾಲಲ್ಲಿ ನಿಂತು ಸೀಲ್ ಹಾಕಿಸ್ಕೊಂಡು ಆಚೆ ಬರ್ತಾಳೆ, ಮದುವೆ ಮುಗಿಯುತ್ತೆ, ಬೀಗರೂಟ ಮುಗಿಯುತ್ತೆ. ವಾಪಸ್ ಹೋಗೋ ರಾತ್ರಿ ಶುರು ಆಗುತ್ತೆ ಕಷ್ಟ. ಇಂಡಿಯನ್ ಪಾಸ್‌ಪೋರ್ಟ್ ಕೊಟ್ರೆ ಅಮೆರಿಕದ ವೀಸಾ ಎಲ್ಲಿ, ಗ್ರೀನ್ ಕಾರ್ಡ್ ಎಲ್ಲಿ ಅಂತಾರೆ, ಆ ಗ್ರೀನ್ ಕಾರ್ಡನ್ನ ಪ್ರಮಾಣದ ದಿನ ಅವರೇ ವಾಪಸ್ ತಗೊಂಡಿರ್ತಾರೆ. ಸರಿ ಅಂತ ಅಮೆರಿಕದ ಪಾಸ್‌ಪೋರ್ಟ್ ತೆಗೆದ್ರೆ ಒಳಗೆ ಬಂದ ಸೀಲ್ ಎಲ್ಲಿ, ವೀಸಾ ಎಲ್ಲಿ ಅಂತಾರೆ. ಎರಡೂ ಪುಸ್ತಕ ಮೇಜಿನ ಮೇಲೆ ಬಂದ್ವು ಅಂದ್ರೆ ಎಲ್ಲ ಬಯಲು. ಅಮೆರಿಕದ ಕಾನೂನೂ ತನ್ನ ಪ್ರಜೆ ತನ್ನ ಪಾಸ್‌ಪೋರ್ಟಲ್ಲೇ ಒಳಗೆ ಬರಬೇಕು, ಆಚೆ ಹೋಗಬೇಕು ಅನ್ನುತ್ತೆ. 2025ರ ಸೆಪ್ಟೆಂಬರ್‌ನಿಂದ ನಮ್ಮಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ, ಸರಿಯಾದ ಪಾಸ್‌ಪೋರ್ಟು ವೀಸಾ ಇಲ್ಲದೆ ಒಳಗೆ ಬಂದ ವಿದೇಶಿಯರಿಗೆ 5 ವರ್ಷದವರೆಗೆ ಜೈಲು, ಇಲ್ಲ 5 ಲಕ್ಷದವರೆಗೆ ದಂಡ, ಇಲ್ಲ ಎರಡೂ. ಕಾನೂನಿನ ಕಣ್ಣಲ್ಲಿ ನಿಮ್ಮ ಮಗಳು ಈಗ ವಿದೇಶಿ ಅಮ್ಮ, ಕೇಳೋಕೆ ಕಷ್ಟ ಆಗುತ್ತೆ, ಆದ್ರೂ ಹೇಳಲೇಬೇಕು.

ಹೋದ ವರ್ಷ ನನ್ನ ಆಫೀಸಿಗೆ ತಂದೆ ಮಗಳು ಬಂದಿದ್ರು, ಇದೇ ಕಥೆ, ವಿಮಾನ ತಪ್ಪಿತ್ತು. ಸೀರೆ ಅಂಗಡಿ ಕವರಲ್ಲಿ ಎರಡು ಪಾಸ್‌ಪೋರ್ಟ್ ಸುತ್ತಿಟ್ಟಿದ್ರು, ಎರಡೂ ಕಡುನೀಲಿನೇ. ಹಳೇದು ತೆಗೆದ್ರೆ ಮೂಲೆಗಳು ಸವೆದು ಮೆತ್ತಗಾಗಿದಾವೆ, ಫೋಟೋದಲ್ಲಿ ಆ ಹುಡುಗಿ ಜಡೆ ಹಾಕಿದಾಳೆ, ಹುಟ್ಟಿದ ಸ್ಥಳ ಅನ್ನೋ ಕಡೆ ಮಂಡ್ಯ ಅಂತ ಇದೆ. ಹೊಸದರಲ್ಲಿ ಅದೇ ಜಾಗದಲ್ಲಿ ಬರೀ ಇಂಡಿಯಾ ಅಂತಿದೆ, ಅಮೆರಿಕದವರು ಹೊರದೇಶದಲ್ಲಿ ಹುಟ್ಟಿದವರಿಗೆ ಊರು ಹಾಕಲ್ಲ, ದೇಶ ಮಾತ್ರ. ಆ ಯಜಮಾನರು ಮಂಡ್ಯ ಅನ್ನೋ ಅಕ್ಷರದ ಮೇಲೆ ಬೆರಳಿಟ್ಟು, ಇದನ್ನ ಹೇಗಮ್ಮ ಕೊಟ್ಟುಬಿಡೋದು ಅಂದ್ರು. ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಹಳೇ ಪಾಸ್‌ಪೋರ್ಟನ್ನ ನಮ್ಮ ಕಾನ್ಸುಲೇಟಿಗೆ ಒಪ್ಪಿಸಿದ್ರೆ, ಅಂದ್ರೆ ಸರೆಂಡರ್ ಮಾಡಿದ್ರೆ, ಅವರು ಪುಸ್ತಕ ಇಟ್ಕೊಳಲ್ಲ, ಕ್ಯಾನ್ಸಲ್ ಸೀಲ್ ಒತ್ತಿ ನಿಮಗೇ ವಾಪಸ್ ಕೊಡ್ತಾರೆ, ಜೊತೆಗೆ ಸರೆಂಡರ್ ಸರ್ಟಿಫಿಕೇಟ್ ಕೊಡ್ತಾರೆ. ಬೀರುಲಿಟ್ಟು ಜೋಪಾನ ಮಾಡಿ, ಪ್ರಯಾಣಕ್ಕೆ ಮಾತ್ರ ತೆಗೀಬೇಡಿ.

ದಾರಿ ಏನಪ್ಪ ಅಂದ್ರೆ, ಅಲ್ಲೇ ನಮ್ಮ ಕಾನ್ಸುಲೇಟಿಗೆ ಪೌರತ್ವ ಬಿಟ್ಟ ಅರ್ಜಿ ಮೊದಲು ಹಾಕ್ಲಿ. ಪೌರತ್ವ ಬದಲಾದ ಮೇಲೆ ಹಳೇ ಪಾಸ್‌ಪೋರ್ಟಲ್ಲಿ ಎಷ್ಟು ಸಲ ಓಡಾಡಿದಾಳೆ ಅನ್ನೋದರ ಮೇಲೆ ದಂಡ ಏರುತ್ತೆ, ಹೋದ ವರ್ಷವೇ ಆಗಿರೋದ್ರಿಂದ ಇನ್ನೂ ಓಡಾಡಿಲ್ಲ ಅಂದ್ರೆ ಅವಳಿಗೆ ಆ ತೊಂದರೆ ಇಲ್ಲ. ಆಮೇಲೆ ಓಸಿಐ. ಮದುವೆಗೆ ಅಷ್ಟರಲ್ಲಿ ಬರಲ್ಲ ಅನ್ಸಿದ್ರೆ ಈ ಸಲಕ್ಕೆ ಅಮೆರಿಕದ ಪಾಸ್‌ಪೋರ್ಟ್ ಮೇಲೆ ಇ-ವೀಸಾ ಮಾಡಿಸ್ಲಿ, 30 ದಿನದ್ದೂ ಇದೆ, 1 ವರ್ಷ 5 ವರ್ಷದ್ದೂ ಇದೆ, ಹೊರಡೋಕೆ ಕಡಿಮೆ ಅಂದ್ರೂ 4 ದಿನ ಮುಂಚೆ ಹಾಕ್ಬೇಕು. ಫಾರ್ಮಲ್ಲಿ ಹಿಂದೆ ಯಾವ ದೇಶದವಳಾಗಿದ್ದೆ ಅಂತ ಕೇಳ್ತಾರೆ, ಅಲ್ಲಿ ಇದ್ದಿದ್ದನ್ನ ಇದ್ದ ಹಾಗೇ ಬರೀಲಿ.

ಪ್ರಶ್ನೆ: ನಮ್ಮ ಮೊಮ್ಮಗ ಟೆಕ್ಸಾಸಲ್ಲಿ ಹುಟ್ಟಿದ್ದು, ಮಗ ಸೊಸೆ ಇಬ್ಬರೂ ಇನ್ನೂ ಇಂಡಿಯನ್ನೇ. ಮಗೂಗೆ 18 ತುಂಬೋವರೆಗೆ ಎರಡೂ ಪಾಸ್‌ಪೋರ್ಟ್ ಇಟ್ಕೋಬಹುದು ಅಂತಾರಲ್ಲ, ನಿಜಾನಾ? (ತಾತ, ಸರಸ್ವತಿಪುರಂ, ಮೈಸೂರು)

ಉತ್ತರ: ನಿಜ ಅಲ್ಲ ಸಾರ್, ಅರ್ಧ ಸತ್ಯ ಬೆಳೆದು ಈ ಮಾತಾಗಿದೆ. ಅಮೆರಿಕದ ನೆಲದಲ್ಲಿ ಹುಟ್ಟಿದ್ರಿಂದ ಮಗು ಅಲ್ಲಿನ ಪ್ರಜೆ ಆಯ್ತು, ಇದು ಯಾರೂ ಅರ್ಜಿ ಹಾಕಿ ತಗೊಂಡಿದ್ದಲ್ಲ. ಅಪ್ಪ ಅಮ್ಮ ಭಾರತೀಯರಾಗಿದ್ರೂ 2004ರ ಡಿಸೆಂಬರ್ 3ರ ನಂತರ ಹೊರಗೆ ಹುಟ್ಟಿದ ಮಗು ಭಾರತದ ಪ್ರಜೆ ಆಗ್ಬೇಕು ಅಂದ್ರೆ ಒಂದು ವರ್ಷದೊಳಗೆ ನಮ್ಮ ಕಾನ್ಸುಲೇಟಲ್ಲಿ ಜನನ ನೋಂದಣಿ ಮಾಡಿಸ್ಬೇಕು, ತಡ ಆದ್ರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಆ ನೋಂದಣಿ ಹೊತ್ತಲ್ಲೇ ಮಗೂಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ತಂದೆ ತಾಯಿ ಬರೆದುಕೊಡ್ಬೇಕು. ಅಂದ್ಮೇಲೆ ಎರಡು ಪುಸ್ತಕ ಒಟ್ಟಿಗೆ ಎಲ್ಲಿಂದ ಬಂತು? ಕಾಯ್ದೆಲಿ 18ರ ಮಾತು ಇರೋದು ಬೇರೆ ಥರ, ಹಾಗೆ ಭಾರತದ ಪ್ರಜೆ ಆದ ಮಗು ಇನ್ನೊಂದು ದೇಶದ ಪ್ರಜೇನೂ ಆಗಿದ್ರೆ 18 ತುಂಬಿದ 6 ತಿಂಗಳೊಳಗೆ ಅದನ್ನ ಬಿಡ್ಬೇಕು, ಬಿಡಲಿಲ್ಲ ಅಂದ್ರೆ ನಮ್ಮದು ಹೋಗುತ್ತೆ. ಇದನ್ನೇ ಜನ ಎರಡು ಪಾಸ್‌ಪೋರ್ಟ್ ಅಂತ ಓದ್ಕೊಂಡಿರೋದು.

ನಿಮ್ಮ ಮೊಮ್ಮಗನಿಗೆ ಅಮೆರಿಕದ ಪಾಸ್‌ಪೋರ್ಟು, ಅದರ ಜೊತೆಗೆ ಓಸಿಐ, ಅಷ್ಟು ಸಾಕು. ಒಂದು ಮಾತ್ರ ಮರೀಬೇಡಿ ಅಂತ ಮಗನಿಗೆ ಹೇಳಿ. ಚಿಕ್ಕ ಮಕ್ಕಳ ಅಮೆರಿಕನ್ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತೆ, ಹೊಸದು ಬಂದಾಗೆಲ್ಲ 3 ತಿಂಗಳೊಳಗೆ ಅದರ ಕಾಪಿ, ಹೊಸ ಫೋಟೋ ಓಸಿಐ ಪೋರ್ಟಲಲ್ಲಿ ಹಾಕ್ಬೇಕು, 20 ವರ್ಷ ಆಗೋವರೆಗೂ ಹೀಗೇ.

ಪ್ರಶ್ನೆ: ನನ್ನ ಮಗ ಲಂಡನ್ನಲ್ಲಿದ್ದಾಗ ಬ್ರಿಟಿಷ್ ಪ್ರಜೆ ಆದ, ಆಮೇಲೆ ಟೊರಾಂಟೊಗೆ ಹೋಗಿ ಕೆನಡಾದ್ದೂ ತಗೊಂಡ. ಬ್ರಿಟಿಷ್ ಪಾಸ್‌ಪೋರ್ಟ್ ಮುಗಿದು ಹೋಗಿದೆ, ರಿನ್ಯೂ ಮಾಡಿಸಿಲ್ಲ. ಲಂಡನ್ನಿಗೆ ಹೋಗೋಕೆ ಕೆನಡಾದ ಪಾಸ್‌ಪೋರ್ಟ್ ತೋರಿಸಿದ್ರೆ ಆಗಲ್ವಾ? ಮುಂಚೆ ಹಾಗೇ ಹೋಗಿ ಬರ್ತಿದ್ದ. (ಕುವೆಂಪುನಗರ, ಮೈಸೂರು)

ಉತ್ತರ: ಮುಂಚೆ ಆಗ್ತಿತ್ತು, ಈಗ ಆಗಲ್ಲ. ಬ್ರಿಟನ್ನಿನವರು ವೀಸಾ ಬೇಡದ ದೇಶದವರಿಗೆಲ್ಲ ಇಟಿಎ ಅಂತ ಆನ್‌ಲೈನ್ ಅನುಮತಿ ತಂದಿದಾರೆ, 2026ರ ಫೆಬ್ರವರಿ 25ರಿಂದ ಅದಿಲ್ಲದೆ ವಿಮಾನ ಹತ್ತಿಸಲ್ಲ. ನಿಮ್ಮ ಮಗನಿಗೆ ಆ ಇಟಿಎ ಸಿಗಲ್ಲ, ಯಾಕಂದ್ರೆ ಅವನು ಅವರ ಪ್ರಜೇನೇ, ತನ್ನ ಮನೆಗೆ ಬರೋನಿಗೆ ಅತಿಥಿ ಚೀಟಿ ಕೊಡಲ್ಲ ಅಂತ. ಒಂದೋ ಬ್ರಿಟಿಷ್ ಪಾಸ್‌ಪೋರ್ಟ್ ಇರ್ಬೇಕು, ಇಲ್ಲ ಕೆನಡಾದ ಪಾಸ್‌ಪೋರ್ಟ್ ಜೊತೆ ಅವನ ಹಕ್ಕು ತೋರಿಸೋ ಸರ್ಟಿಫಿಕೇಟ್ ಇರ್ಬೇಕು. ಆ ಸರ್ಟಿಫಿಕೇಟಿಗೆ ಪಾಸ್‌ಪೋರ್ಟಿಗಿಂತ ಎಷ್ಟೋ ಪಟ್ಟು ದುಡ್ಡು ಬೀಳುತ್ತೆ, ಸುಮ್ಮನೆ ಪಾಸ್‌ಪೋರ್ಟೇ ರಿನ್ಯೂ ಮಾಡಿಸ್ಲಿ. ಕೆನಡಾನೂ ಇದೇ ಥರ, 2016ರ ನವೆಂಬರ್‌ನಿಂದ ಎರಡು ಪೌರತ್ವ ಇರೋ ಕೆನಡಾ ಪ್ರಜೆಗಳು ವಾಪಸ್ ವಿಮಾನ ಹತ್ತೋಕೆ ಕೆನಡಾದ್ದೇ ಪಾಸ್‌ಪೋರ್ಟ್ ತೋರಿಸ್ಬೇಕು. ಆದ್ರಿಂದ ಎರಡನ್ನೂ ಚಾಲ್ತಿಲಿ ಇಟ್ಕೊಂಡಿರ್ಲಿ. ಓಸಿಐ ಬ್ರಿಟಿಷ್ ಪಾಸ್‌ಪೋರ್ಟ್ ಮೇಲೆ ಮಾಡಿಸಿದ್ದಾದ್ರೆ, ಮೈಸೂರಿಗೆ ಕೆನಡಾ ಪಾಸ್‌ಪೋರ್ಟಲ್ಲಿ ಬರೋ ಮುಂಚೆ ಅದನ್ನೂ ಸರಿ ಮಾಡಿಸ್ಕೊಳ್ಳೋಕೆ ಹೇಳಿ.

ಪ್ರಶ್ನೆ: ಅಕ್ಕ, ನಮ್ಮದು ಪಾಂಡವಪುರ ತಾಲೂಕು, ಮೂರೂವರೆ ಎಕರೆ ಗದ್ದೆ, ನಾಲೆ ನೀರು. ಒಬ್ಬನೇ ಮಗ, ಆಸ್ಟ್ರೇಲಿಯಾ ಪ್ರಜೆ, ಓಸಿಐ ಇದೆ. ನಾನಿರೋವಾಗಲೇ ಅವನ ಹೆಸರಿಗೆ ಬರೆದುಬಿಡೋಣ ಅಂತ. ಪಕ್ಕದ ಒಂದು ಎಕರೆನೂ ಮಾರಾಟಕ್ಕಿದೆ, ಅದನ್ನ ಅವನ ಹೆಸರಲ್ಲೇ ತಗೊಳ್ಳಲಾ?

ಉತ್ತರ: ಅಣ್ಣ, ಸದ್ಯ ಬರೆದು ಕೇಳಿದ್ರಲ್ಲ. ಪಕ್ಕದ ಎಕರೆ ಅವನ ಹೆಸರಲ್ಲಿ ಬೇಡವೇ ಬೇಡ. ಓಸಿಐ ಇರೋರು ಸೈಟು, ಮನೆ, ಫ್ಲಾಟ್ ತಗೋಬಹುದು, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ತಗೊಳ್ಳೋ ಹಾಗಿಲ್ಲ. ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದ್ರೂ ಗದ್ದೆ ತಗೋಬಹುದು ಅಂತ ಬ್ರೋಕರ್‌ಗಳು ಹೇಳ್ತಿರ್ತಾರೆ, ಅದು ಭಾರತದ ಪ್ರಜೆಗಳಿಗೆ, ವಿದೇಶಿ ಪಾಸ್‌ಪೋರ್ಟಿನೋರನ್ನ ತಡೆಯೋದು ಕೇಂದ್ರದ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ, ಅದು ಹಾಗೇ ಇದೆ.

ನಿಮ್ಮ ಮೂರೂವರೆ ಎಕರೇನ ದಾನಪತ್ರ ಮಾಡಿ ಕೊಡೋಕೂ ಆಗಲ್ಲ, ಕೃಷಿ ಜಮೀನನ್ನ ಓಸಿಐಗೆ ದಾನ ಕೊಡೋ ಹಾಗಿಲ್ಲ. ಆದ್ರೆ ನಿಮ್ಮ ನಂತರ ವಾರಸುದಾರನಾಗಿ ಅವನಿಗೆ ಬರೋದನ್ನ ಯಾರೂ ತಡೆಯಲ್ಲ, ಅದು ಅವನ ಹಕ್ಕು. ಒಂದು ವಿಲ್ ಬರೆದು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸಿಡಿ, ಪಹಣಿ, ಹಳೇ ಖಾತೆ ಪತ್ರ ಎಲ್ಲ ಒಂದು ಕಡೆ ಇಡಿ, ಮುಂದೆ ಪೌತಿ ಖಾತೆ ಮಾಡಿಸ್ಕೊಳ್ಳೋವಾಗ ಅವನು ಅಲೆಯೋದು ತಪ್ಪುತ್ತೆ. ಅವನು ಮಾರೋ ಕಾಲ ಬಂದ್ರೆ ಇಲ್ಲೇ ಇರೋ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು. ಗದ್ದೆ ಯಾರು ನೋಡ್ಕೋತಾರೆ ಅನ್ನೋದನ್ನ ಮಾತ್ರ ಮಗನ ಜೊತೆ ಈಗಲೇ ಕೂತು ಮಾತಾಡಿ, ಆ ಮಾತು ಆಡದೇ ಉಳಿದು ಪಾಳು ಬಿದ್ದಿರೋ ಗದ್ದೆ ನಾಲೆ ಬಯಲಲ್ಲಿ ನಾನೇ ಕಣ್ಣಾರೆ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ನಾವು ಗಂಡ ಹೆಂಡತಿ ಅಮೆರಿಕದಲ್ಲಿ 28 ವರ್ಷ ಇದ್ದು ಈಗ ಮೈಸೂರಿಗೇ ಬಂದು ನೆಲೆಸಿದೀವಿ, ಓಸಿಐ ಆಗಿ 9 ವರ್ಷ ಆಯ್ತು. ಮತ್ತೆ ಭಾರತದ ಪ್ರಜೆ ಆಗಬಹುದಾ? ವೋಟರ್ ಲಿಸ್ಟಲ್ಲಿ ನಮ್ಮ ಹಳೇ ಹೆಸರು ಇನ್ನೂ ಇದೆ, ಅಲ್ಲಿವರೆಗೆ ವೋಟ್ ಹಾಕಬಹುದಾ?

ಉತ್ತರ: ಎರಡನೇದು ಮೊದಲು ಹೇಳ್ತೀನಿ, ವೋಟ್ ಹಾಕಬೇಡಿ. ಪೌರತ್ವ ಹೋದ ಮೇಲೆ ಆ ಹೆಸರು ಲಿಸ್ಟಲ್ಲಿ ಇರೋ ಹಾಗೇ ಇಲ್ಲ, ನಿಮ್ಮ ಬಿಎಲ್‌ಒ (ಮತಗಟ್ಟೆ ಅಧಿಕಾರಿ) ಹತ್ರ ಫಾರ್ಮ್ 7 ಕೊಟ್ಟು ನೀವೇ ತೆಗೆಸಿ.

ಮೊದಲನೇದಕ್ಕೆ ಉತ್ತರ, ಆಗಬಹುದು! ನೀವು ಕೇಳಿದ್ದು ನೋಡಿ ನಿಜವಾಗ್ಲೂ ಸಂತೋಷ ಆಯ್ತು. ಪೌರತ್ವ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಓಸಿಐ ಆಗಿ 5 ವರ್ಷ ಆಗಿರ್ಬೇಕು, ಅರ್ಜಿ ಹಾಕೋ ಮುಂಚೆ 12 ತಿಂಗಳು ಇಲ್ಲೇ ವಾಸ ಇರ್ಬೇಕು. 5 ವರ್ಷ ನಿಮಗೆ ಯಾವಾಗಲೋ ಆಗಿದೆ, ಹಾಗಾಗಿ ಬಂದ ದಿನಾಂಕದ ಸೀಲ್ ಇರೋ ಪುಟದ ಕಾಪಿ ಜೋಪಾನವಾಗಿಟ್ಟು 12 ತಿಂಗಳ ಲೆಕ್ಕ ಹಾಕ್ಕೊಳಿ. ಅರ್ಜಿ ಆನ್‌ಲೈನಲ್ಲಿ ಹಾಕಿ, ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ಕೊಡ್ಬೇಕು, ಅಲ್ಲಿಂದ ರಾಜ್ಯ, ಕೇಂದ್ರ ಅಂತ ಮೇಲೆ ಹೋಗುತ್ತೆ, ತಾಳ್ಮೆ ಬೇಕು. ಕೊನೇಲಿ ಅಮೆರಿಕದ ಪೌರತ್ವ ಬಿಡಲೇಬೇಕಾಗುತ್ತೆ, ಅದನ್ನ ಬಿಟ್ರೆ ಮತ್ತೆ ಸುಲಭಕ್ಕೆ ಸಿಗಲ್ಲ. ಮಕ್ಕಳು ಅಲ್ಲೇ ಇದ್ರೆ ಆಮೇಲೆ ಅವರನ್ನ ನೋಡೋಕೆ ನೀವೇ ವೀಸಾಗೆ ಕ್ಯೂ ನಿಲ್ಬೇಕು, ಅಲ್ಲಿನ ಪೆನ್ಷನ್, ತೆರಿಗೆ ಲೆಕ್ಕಾನೂ ನೋಡ್ಬೇಕು, ಆದ್ರಿಂದ ಅರ್ಜಿ ತುಂಬೋ ಮುಂಚೆ ಒಂದು ಸಲ ಮಕ್ಕಳ ಜೊತೆ ಕೂತು ಮಾತಾಡಿ. ದಾಖಲೆ ಏನೇನು ಬೇಕು ಅನ್ನೋದಕ್ಕೆ ನಿಮ್ಮ ಓಸಿಐ ಕಾರ್ಡು, ಸರೆಂಡರ್ ಸರ್ಟಿಫಿಕೇಟು, ಈಗಿನ ಮನೆ ವಿಳಾಸದ ಪುರಾವೆ ಈ ಮೂರರ ಕಾಪಿ ಪತ್ರಿಕೆ ವಿಳಾಸಕ್ಕೆ ಕಳಿಸಿ, ನೋಡಿ ಬರೀತೀನಿ.