ಕಣ: ಒಕ್ಕಣೆಯ ನೆಲ, ಪಂದ್ಯದ ನೆಲ

ಪ್ರಶ್ನೆ: ಕಬಡ್ಡಿ ತಂಡವೊಂದು ‘ಇಂದು ಕಣಕ್ಕಿಳಿಯಲಿದೆ’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಮಾಗಡಿ ಕಡೆಯವರಾದ ನಮ್ಮಜ್ಜಿ ರಾಗಿ ಒಕ್ಕುವ ಜಾಗವನ್ನು ಕಣ ಎನ್ನುತ್ತಿದ್ದರು. ಇವೆರಡೂ ಒಂದೇ ಪದವೇ? ‘ಧೂಳಿನ ಕಣ’ಕ್ಕೂ ಇದಕ್ಕೂ ನಂಟಿದೆಯೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಅಜ್ಜಿಯ ಕಣವೂ ಕ್ರೀಡಾಪುಟದ ಕಣವೂ ಒಂದೇ ಪದ. ಧೂಳಿನ ಕಣ ಮಾತ್ರ ಬೇರೆ. ಚೂರು ಎಂಬ ಅರ್ಥದ ಆ ಪದ ಸಂಸ್ಕೃತದಿಂದ ಬಂದದ್ದು, ಉಚ್ಚಾರದಲ್ಲಷ್ಟೇ ಇದನ್ನು ಹೋಲುತ್ತದೆ.

ಒಕ್ಕಣೆಯ ಕಣ ದ್ರಾವಿಡ ಮೂಲದ್ದು. ಕಳ ಎಂಬುದು ಇದರ ಇನ್ನೊಂದು ರೂಪ. ತಮಿಳಿನ ‘ಕಳಂ’ ಕೂಡ ಒಕ್ಕುವ ನೆಲ, ಯುದ್ಧಭೂಮಿ ಎಂಬ ಎರಡೂ ಅರ್ಥಗಳನ್ನು ಹೊತ್ತಿದೆ. ನಮ್ಮ ಹಳೆಯ ಕಾವ್ಯಗಳಲ್ಲೂ ‘ಕಳ’ ರಣರಂಗ ಎಂಬ ಅರ್ಥದಲ್ಲಿ ಬಳಕೆಯಾಗಿದೆ. ಹೀಗಾಗಿ ಕಾದಾಟದ ಅರ್ಥವನ್ನು ಕ್ರೀಡಾ ವರದಿಗಾರರು ಹೊಸದಾಗಿ ಹುಟ್ಟಿಸಲಿಲ್ಲ.

ಈ ಎರಡು ಅರ್ಥಗಳು ಹೇಗೆ ಕೂಡಿದವೆಂಬುದು ಕಣ ಮಾಡುವುದನ್ನು ಕಂಡವರಿಗೆ ಸುಲಭವಾಗಿ ಹೊಳೆಯುತ್ತದೆ. ಗಾಳಿಯಾಡುವ, ನೀರು ನಿಲ್ಲದ ಜಾಗವನ್ನು ಆರಿಸಿ, ಹುಲ್ಲು ಕೆತ್ತಿ, ನೀರು ಚಿಮುಕಿಸಿ, ನೆಲವನ್ನು ಗಟ್ಟಿಯಾಗಿ ಬಡಿದು, ಕಾಳು ಮಣ್ಣಿಗೆ ಬೆರೆಯದಂತೆ ಸಗಣಿ ಸಾರಿಸಿ, ನಡುವೆ ಮೇಟಿ ಎಂಬ ಕಂಬ ನೆಟ್ಟು, ಅದರ ಸುತ್ತ ದನಗಳನ್ನೋ ಕಲ್ಲಿನ ಗುಂಡನ್ನೋ ತಿರುಗಿಸುತ್ತಿದ್ದರು. ಹೀಗೆ ಹಸನಾದ ಬಯಲು ಊರಿನಲ್ಲಿ ಬೇರೆಲ್ಲಿ ಸಿಗಬೇಕು? ದನ ತುಳಿಯುವುದಕ್ಕೆ ಒದಗುವ ಸಮತಟ್ಟಾದ ನೆಲ ಜಟ್ಟಿಗಳು ಸೆಣಸುವುದಕ್ಕೂ ಒದಗುತ್ತದೆ. ಈಗ ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಟಾರು ರಸ್ತೆಯ ಮೇಲೆಯೇ ರಾಗಿ, ಹುರುಳಿ ಹರಡಿ ಬಸ್ಸು ಲಾರಿಗಳಿಂದ ಒಕ್ಕಿಸುವುದುಂಟು. ಬೈಕ್ ಸವಾರರ ಪಾಲಿಗೆ ಅದೂ ಒಂದು ಬಗೆಯ ರಣಕಣವೇ.

‘ಇಳಿ’ ಎಂಬುದನ್ನು ಕಂಡು ಕಣ ತಗ್ಗಿನಲ್ಲಿರಬೇಕೆಂದು ಭಾವಿಸಬೇಕಿಲ್ಲ. ಯುದ್ಧಕ್ಕಿಳಿ, ಚರ್ಚೆಗಿಳಿ ಎನ್ನುವಂತೆ, ಇಲ್ಲಿಯೂ ಅದಕ್ಕೆ ತೊಡಗು ಎಂಬ ಅರ್ಥ. ಚುನಾವಣೆಯ ಕಣಕ್ಕಿಳಿಯುವ ಅಭ್ಯರ್ಥಿಯ ವಿಷಯದಲ್ಲೂ ಅಷ್ಟೇ.

ಆದರೆ ಗೆರೆ ಎಳೆದು ಅಳೆದ ಆಟದ ಜಾಗವನ್ನು, ಉದಾಹರಣೆಗೆ ಪುರುಷರ ಕಬಡ್ಡಿಯ 13 ಮೀಟರ್ ಉದ್ದ, 10 ಮೀಟರ್ ಅಗಲದ ಆಯತವನ್ನು, ‘ಅಂಕಣ’ ಎನ್ನುವುದೇ ಸರಿ. ಸ್ಪರ್ಧೆಗೆ ಕಣ, ಗೆರೆಯೊಳಗಿನ ಜಾಗಕ್ಕೆ ಅಂಕಣ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ರೈಡರ್ ಗೆರೆ ದಾಟಿ ಔಟಾದರೆ ಅವನು ಅಂಕಣದಿಂದ ಹೊರಬಿದ್ದನೇ ಹೊರತು ಅವನ ತಂಡ ಇನ್ನೂ ಕಣದಲ್ಲೇ ಇರುತ್ತದೆ.