ಗುಡ್ಡದಂಚಿನ ಮರಕ್ಕೆ ಕಟ್ಟಿದ್ದ ಟ್ರೇಲ್ ಕ್ಯಾಮೆರಾ (ಪ್ರಾಣಿ ಎದುರಿಗೆ ಬಂದರೆ ತಾನೇ ಪಟ ತೆಗೆಯುವಂಥದ್ದು) ಎರಡನೇ ಸಲ ಕಳುವಾಗಿದೆ. ಕಳ್ಳನನ್ನು ಹಿಡಿಯುವುದು ಹೇಗೆ?

ಮೊದಲು ಪ್ರಶ್ನೆಯ ಜೊತೆ ಹಾಕಿರುವ ಆ ಚಿರತೆಯ ಫೋಟೊ ತೆಗೆಯಿರಿ. ಈಗಲೇ. ಉತ್ತರವನ್ನು ಆಮೇಲೆ ಓದಿದರೂ ನಡೆಯುತ್ತದೆ.

ಸಂಡೂರು ಕಡೆಯ ಹೊಲ, ಎರಡು ಕ್ಯಾಮೆರಾ ಹೋದವು, ಮೂರನೆಯದನ್ನು ಎಲ್ಲಿ ಅಡಗಿಸಲಿ, ಪೆಟ್ಟಿಗೆಗೆ ಸ್ವಲ್ಪ ಕರೆಂಟ್ ಕೊಟ್ಟರೆ ಹೇಗೆ ಅಂತ ಕೇಳಿದ್ದೀರಿ. ಓದುವಾಗ 2021ರಲ್ಲಿ ನಾನೇ ಬರೆದಿದ್ದೇನೋ ಅನ್ನಿಸಿತು. ಸಿಟ್ಟೂ ಅದೇ, ಯೋಚನೆಯೂ ಅದೇ.

ನನ್ನದು ಗಂಗಾವತಿ ತಾಲ್ಲೂಕು. ಭತ್ತದ ನಾಡು ಅಂತ ಎಲ್ಲರಿಗೂ ಗೊತ್ತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹತ್ತದ ಹೊಲಗಳೂ ಇಲ್ಲಿವೆ. ನಮ್ಮದು ಅಂಥ ನಾಲ್ಕು ಎಕರೆ. ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಗುಡ್ಡ, ಅದರ ಬುಡಕ್ಕೇ ನಮ್ಮ ಶೇಂಗಾ. ಆ ವರ್ಷ ಕಾಯಿ ಬಲಿಯುವ ಹೊತ್ತಿಗೆ ರಾತ್ರಿ ಯಾವುದೋ ಪ್ರಾಣಿ ಬಂದು ಸಾಲುಸಾಲೇ ಕೆದರಿ ಹೋಗುತ್ತಿತ್ತು. ಅಪ್ಪ ಹಂದಿ ಅಂದರು. ಪಕ್ಕದ ಹೊಲದ ಕಾಕಾ ಕರಡಿ ಅಂದರು. ಬೆಳೆ ಹಾನಿಗೆ ಪರಿಹಾರದ ಅರ್ಜಿ ಹಾಕೋಣ ಅಂದರೆ ಪಹಣಿ ಇತ್ತು, ಕೆದರಿದ ನೆಲದ ಫೋಟೊ ಇತ್ತು, ಪ್ರಾಣಿ ಯಾವುದು ಅಂತ ಗಟ್ಟಿಯಾಗಿ ಹೇಳೋಕೆ ಮಾತ್ರ ಆಗುತ್ತಿರಲಿಲ್ಲ.

ಬೆಂಗಳೂರಿನಲ್ಲಿರುವ ತಮ್ಮ ಒಂದು ಟ್ರೇಲ್ ಕ್ಯಾಮೆರಾ ತರಿಸಿ ಕಳಿಸಿದ. ಅಮೆರಿಕದಲ್ಲಿ ಇದು ಬೇಟೆಗಾರರ ಸಾಮಾನು. ಜಿಂಕೆ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಓಡಾಡುತ್ತದೆ ಅಂತ ತಿಳಿಯಲು ಕಾಡಿನ ಮರಕ್ಕೆ ಬಿಗಿದು ಬರುತ್ತಾರೆ. ಅಲ್ಲೂ ಕಳುವಾಗುತ್ತದೆ, ಅದಕ್ಕೇ ಕಬ್ಬಿಣದ ಪೆಟ್ಟಿಗೆ, ಬೀಗದ ಕೇಬಲ್ ಎಲ್ಲ ಮಾರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಅಪರಾಧ. ಆದ್ದರಿಂದ ನಮಗೆ ಇದು ಹುಲಿ ಎಣಿಸುವವರ, ಅರಣ್ಯ ಇಲಾಖೆಯವರ ಕ್ಯಾಮೆರಾ ಅಂತಲೇ ಗೊತ್ತು. ನಾನೂ ಹಾಗೇ ತಿಳಿದಿದ್ದೆ. ಆದರೆ ಬೇಟೆಗಾರನಿಗೆ ಏನೇನು ಗೊತ್ತಾಗಬೇಕೋ ಅದನ್ನೆಲ್ಲ ಹೇಳಲೆಂದೇ ಮಾಡಿದ ಸಾಮಾನು ಅದು. ಇದನ್ನು ನಾನು ತಿಳಿಯಲಿಲ್ಲ ನೋಡಿ.

ಹೊಲದ ಬದುವಿನ ಬನ್ನಿ ಮರಕ್ಕೆ ಕಟ್ಟಿದೆ. ಮುಂದೆ ಎರಡು ಬಂಡೆಗಳ ನಡುವೆ ಒಂದು ಸಂದು, ಗುಡ್ಡದಿಂದ ಹೊಲಕ್ಕೆ ಇಳಿಯುವ ಪ್ರಾಣಿಗೆ ಅದೊಂದೇ ಸಲೀಸು ದಾರಿ. ಬಿಸಿ ಮೈ ಎದುರಿಗೆ ಸರಿದರೆ ಸಾಕು, ಕ್ಯಾಮೆರಾ ಎಚ್ಚರವಾಗಿ ಪಟ ತೆಗೆಯುತ್ತದೆ. ಮೊದಲ ವಾರ ಮೊಲ, ಮುಳ್ಳುಹಂದಿ, ನಮ್ಮದೇ ನಾಯಿ. ಆಮೇಲೆ ಹಂದಿಗಳ ಹಿಂಡು, ಎರಡು ರಾತ್ರಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಒಂಬತ್ತನೇ ದಿನ ಕಾರ್ಡ್ ತೆಗೆದು ಮೊಬೈಲಿಗೆ ಹಾಕಿ ನೋಡಿದರೆ ಕರಡಿ. ತಾಯಿ ಕರಡಿ, ಬೆನ್ನ ಮೇಲೆ ಮರಿ. ಮರಿ ಎರಡೂ ಕೈಯಿಂದ ತಾಯಿಯ ಹೆಗಲ ಕೂದಲನ್ನು ಹಿಡಿದುಕೊಂಡಿತ್ತು. ತಾಯಿಯ ಮೂತಿಗೆ ನಮ್ಮ ಹೊಲದ ಕೆಂಪು ಮಣ್ಣು ಮೆತ್ತಿತ್ತು. ಶೇಂಗಾ ಹಾಳಾದ ಬೇಜಾರು ಅಲ್ಲಿಗೇ ಹೋಯಿತು. ಅವ್ವನನ್ನು ಕರೆದು ತೋರಿಸಿದೆ. "ಪಾಪ, ಕೂಸು ಹೊತ್ಕೊಂಡು ಬಂದೈತಿ ನೋಡು" ಅಂದಳು.

ಆವತ್ತೇ ಸಂಜೆ ಆ ಪಟವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. "ನಮ್ಮ ಹೊಲದ ಅತಿಥಿ" ಅಂತ ಬರೆದೆ. ಖುಷಿ ಜಾಸ್ತಿಯಾಗಿ ಹಂದಿಗಳ ಪಟವನ್ನೂ ಹಾಕಿದೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡಿದ್ದೀರಿ.

ಟ್ರೇಲ್ ಕ್ಯಾಮೆರಾದ ಪಟದ ಕೆಳಗೆ ಒಂದು ಪಟ್ಟಿ ಇರುತ್ತದೆ, ಅಲ್ವಾ? ಅದರಲ್ಲಿ ತಾರೀಖು, ಗಂಟೆ, ನಿಮಿಷ, ಎಷ್ಟು ಡಿಗ್ರಿ ಬಿಸಿಲು-ತಂಪು, ಎಷ್ಟೋ ಕ್ಯಾಮೆರಾಗಳಲ್ಲಿ ಚಂದ್ರನ ಚಿತ್ರ ಕೂಡ. ಬೆಳದಿಂಗಳೋ ಕತ್ತಲೋ ಅಂತ ಅದೇ ಹೇಳುತ್ತದೆ. ನಾನು ಅದನ್ನು ಕತ್ತರಿಸದೆ ಹಾಗೇ ಹಾಕಿದ್ದೆ. ಅಂದರೆ ಹಂದಿ ಎಷ್ಟು ಹೊತ್ತಿಗೆ ಬರುತ್ತದೆ, ಎಂಥ ರಾತ್ರಿಯಲ್ಲಿ ಬರುತ್ತದೆ ಎಲ್ಲವೂ ಅದರಲ್ಲೇ ಇತ್ತು. ಒಂದು ಪಟವಾದರೆ ಒಂದು ಸಲದ ಮಾತು. ಎರಡು ರಾತ್ರಿಯದು ಹಾಕಿದ್ದರಿಂದ ಅದು ದಿನವೂ ಬರುವ ಹೊತ್ತು ಅಂತ ನಾನೇ ಹೇಳಿಕೊಟ್ಟ ಹಾಗಾಯಿತು.

ಇನ್ನು ಜಾಗ. ಊರಿನ ಹೆಸರು ಬರೆದಿರಲಿಲ್ಲ, ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಕರಡಿಯ ಹಿಂದೆ ಕೊಡದಂಥ ಒಂದು ಬಂಡೆ ಕಾಣುತ್ತಿತ್ತು, ಮೇಲೆ ಕೊಡದ ಬಾಯಿಯ ಹಾಗೆ ಒಂದು ಸಣ್ಣ ಕಲ್ಲು. ಕೊಡಗಲ್ಲು ಅಂತಾರೆ. ನಮ್ಮ ಊರು, ಪಕ್ಕದ ಎರಡು ಊರು, ಕುರಿ ಕಾಯುವವರು, ಸೌದೆಗೆ ಹೋಗುವ ಹೆಂಗಸರು, ಎಲ್ಲರಿಗೂ ಗೊತ್ತಿರುವ ಕಲ್ಲು. ಸಿಟಿಯವರಿಗೆ ನಮ್ಮ ಬಂಡೆಗಳೆಲ್ಲ ಒಂದೇ ಥರ ಕಾಣಬಹುದು. ಗುಡ್ಡದಲ್ಲಿ ಹುಟ್ಟಿ ಬೆಳೆದವರಿಗೆ ಒಂದೊಂದು ಬಂಡೆಗೂ ಒಂದೊಂದು ಮುಖ. ಕ್ಯಾಮೆರಾ ಎಲ್ಲಿ ನಿಂತು ಆ ಪಟ ತೆಗೆದಿದೆ ಅಂತಲೂ ಅವರು ಹೇಳಬಲ್ಲರು. ಕೊಡಗಲ್ಲು ಬಲಕ್ಕೆ ಕಾಣಬೇಕಾದರೆ ಬನ್ನಿ ಮರದಿಂದಲೇ ನೋಡಬೇಕು. ಬೇರೆ ಮರವೇ ಇಲ್ಲ ಅಲ್ಲಿ.

ನನ್ನ ನಂಬರ್ ಸೇವ್ ಮಾಡಿಕೊಂಡವರು ಮುನ್ನೂರು ಜನ ಇರಬಹುದು. ಅವರಲ್ಲಿ ಒಬ್ಬ ಇನ್ನೊಬ್ಬನಿಗೆ ಕಳಿಸಿದರೆ ಮುಗಿಯಿತು.

ಮೂರು ದಿನ ಬಿಟ್ಟು ಹೋದರೆ ಕ್ಯಾಮೆರಾ ಇಲ್ಲ. ಬೆಲ್ಟನ್ನು ಕುಡುಗೋಲಿನಿಂದ ಒಂದೇ ಏಟಿಗೆ ಕೊಯ್ದಿದ್ದರು. ಬನ್ನಿಯ ತೊಗಟೆಯ ಮೇಲೆ ಗೆರೆ ಬಿದ್ದಿತ್ತು.

ಠಾಣೆಗೆ ಹೋದೆ. ಬಿಲ್ ಇದೆಯಾ, ಸೀರಿಯಲ್ ನಂಬರ್ ಏನು ಅಂತ ಕೇಳಿದರು. ಎರಡೂ ಇರಲಿಲ್ಲ. ತಮ್ಮ ಡಬ್ಬಿಯನ್ನು ಎಂದೋ ಎಸೆದಿದ್ದ. ದೂರು ಬರೆದುಕೊಟ್ಟು ಬಂದೆ, ಅಷ್ಟೇ.

ಆಮೇಲೆ ನನಗೆ ಕುರಿಯವರ ಮೇಲೆ ಅನುಮಾನ ಬಂತು. ದಿನಾ ಅಲ್ಲೇ ಓಡಾಡುವವರು ಅವರೇ ತಾನೆ ಅಂತ. ಹಟ್ಟಿಗೆ ಹೋಗಿ ಹಿರಿಯ ಅಜ್ಜನ ಮುಂದೆ ಜೋರಾಗಿಯೇ ಮಾತಾಡಿದೆ. ಅಜ್ಜ ಕಂಬಳಿ ಮಡಚುತ್ತಾ ಎಲ್ಲ ಕೇಳಿಸಿಕೊಂಡ. ಆಮೇಲೆ ಅಂದ: "ನಿನ್ನ ಪಟ ನಮ್ಮ ಹುಡುಗನ ಫೋನಿಗೂ ಬಂದಿತ್ತೋ ತಮ್ಮಾ. ಅದರಾಗ ಕೊಡಗಲ್ಲು ಕಾಣ್ತಿತ್ತು. ಹಂದಿ ಎಲ್ಲಿ ಇಳೀತೈತಿ, ಎಷ್ಟೊತ್ತಿಗೆ ಇಳೀತೈತಿ, ಊರಿಗೆಲ್ಲಾ ನೀನಾ ಡಂಗುರ ಹೊಡದಿ. ಕ್ಯಾಮೆರಾ ಹೋಗ್ಲಿ ಬಿಡು. ನಾಳೆ ಬಾ, ಆ ಸಂದಿನಾಗ ಏನೈತಿ ತೋರಸ್ತೀನಿ."

ಮರುದಿನ ಅಜ್ಜ ಮುಂದೆ, ನಾನು ಹಿಂದೆ. ಸಂದಿನ ಒಳಗೆ ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಉರುಲು. ಬೈಕಿನ ಕ್ಲಚ್ ವೈರು. ಒಂದು ತುದಿ ಕಾರೆ ಗಿಡದ ಬುಡಕ್ಕೆ ಸುತ್ತಿತ್ತು. ಆ ಗಿಡ ಅರ್ಧ ಕಿತ್ತು ಬಂದಿತ್ತು, ಸುತ್ತಲಿನ ಮಣ್ಣು ಹೊಂಡ ಬಿದ್ದ ಹಾಗೆ ಕೆದರಿತ್ತು. ವೈರಿನ ಎಳೆಗಳು ಬಿಚ್ಚಿಕೊಂಡಿದ್ದವು, ಅವುಗಳಲ್ಲಿ ಉದ್ದನೆಯ ಕರಿಕೂದಲು ಸಿಕ್ಕಿಕೊಂಡಿತ್ತು. ಹಂದಿಯ ಕೂದಲು ಅಷ್ಟು ಉದ್ದ ಇರಲ್ಲ. ಬಂಡೆಯ ಮೇಲೆ ಒಣಗಿದ ರಕ್ತ, ಅಂಗೈಯಷ್ಟಗಲ.

ಹಂದಿಗೆ ಹಾಕಿದ ಉರುಲಿಗೆ ಕರಡಿ ಬಿದ್ದಿತ್ತು. ವೈರು ಹರಿದಿದ್ದರಿಂದ ತಪ್ಪಿಸಿಕೊಂಡು ಹೋಗಿತ್ತು. ಮರಿ ಏನಾಯಿತೋ. ಅಲ್ಲೇ ಕಲ್ಲಿನ ಮೇಲೆ ಎಷ್ಟೋ ಹೊತ್ತು ಕೂತುಬಿಟ್ಟೆ. ಅಜ್ಜನೇ ಎಬ್ಬಿಸಿಕೊಂಡು ಬಂದ.

ಅರಣ್ಯ ಇಲಾಖೆಗೆ ಫೋನ್ ಮಾಡಿದ ಮೇಲೆ ಗಾರ್ಡ್ ಬಂದರು. ಅದೇ ಗುಡ್ಡದ ಸಾಲಿನಲ್ಲಿ ಇನ್ನೂ ಮೂರು ಉರುಲು ಸಿಕ್ಕವು. ಕ್ಯಾಮೆರಾ ಯಾಕೆ ಹೋಯಿತು ಅಂತ ಆಗ ತಿಳಿಯಿತು. ಉರುಲು ಹಾಕುವವನ ಮುಖ ಅದರ ಕಾರ್ಡಿನಲ್ಲಿ ಬೀಳುತ್ತಿತ್ತು. ಅವನಿಗೆ ಬೇಕಾದದ್ದು ಕ್ಯಾಮೆರಾ ಅಲ್ಲ. ಅದು ಅಲ್ಲಿ ಇರಬಾರದಿತ್ತು, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಳ್ಳ ದುಡ್ಡಿಗಾಗಿ ಕದ್ದ ಅಂತ ನೀವು ತಿಳಿದಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮ ಕಡೆ ಟ್ರೇಲ್ ಕ್ಯಾಮೆರಾವನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ? ಅದೇ ಹೊಲದಲ್ಲಿ ಪಂಪಿನ ಕೇಬಲ್ ಇರುತ್ತದೆ, ಅದರ ತಾಮ್ರಕ್ಕೆ ರೊಕ್ಕ ಸಿಗುತ್ತದೆ. ನಿಮ್ಮ ಕೇಬಲ್ ಮುಟ್ಟಿಲ್ಲ ಅಂತ ನೀವೇ ಬರೆದಿದ್ದೀರಿ. ಎರಡು ಸಲವೂ ಬರೀ ಕ್ಯಾಮೆರಾ ಹೋಗಿದೆ ಅಂದರೆ ಅದರ ಮುಂದೆ ಯಾರಿಗೋ ಕೆಲಸವಿದೆ. ಆದ್ದರಿಂದ ಕಳ್ಳನನ್ನು ಹಿಡಿಯುವ ಮಾತು ಸದ್ಯ ಬಿಡಿ. ನಾಳೆ ಬೆಳಿಗ್ಗೆ ಇಬ್ಬರು ಮೂವರು ಸೇರಿ ಹೋಗಿ, ಕ್ಯಾಮೆರಾ ಎತ್ತ ಮುಖ ಮಾಡಿತ್ತೋ ಅತ್ತ ನೆಲ ನೋಡಿ. ಬೇಲಿಯ ಕಂಡಿ, ಬಂಡೆಯ ಸಂದು, ನೀರಿಗೆ ಇಳಿಯುವ ದಾರಿ. ಪಾದದಿಂದ ಮೊಣಕಾಲಿನವರೆಗಿನ ಎತ್ತರದಲ್ಲಿ ಕಣ್ಣಿಡಿ. ತಂತಿ ಸಿಕ್ಕರೆ ಕಿತ್ತು ಮನೆಗೆ ತರಬೇಡಿ. ಇದ್ದ ಹಾಗೇ ಫೋಟೊ ತೆಗೆದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ವನ್ಯಜೀವಿ ಕಾಯ್ದೆಯಲ್ಲಿ ಉರುಲು ಹಾಕುವುದೂ ಬೇಟೆಯೇ. ಕರಡಿ, ಚಿರತೆ ಎರಡೂ ಅದರ ಒಂದನೇ ಶೆಡ್ಯೂಲ್‌ನಲ್ಲಿವೆ, ಅಂದರೆ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಅವುಗಳನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಕ್ಯಾಮೆರಾ ಕಳವಿನ ದೂರಿಗಿಂತ ಈ ದೂರಿಗೆ ತೂಕ ಜಾಸ್ತಿ.

ಕರೆಂಟ್ ಮಾತನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಕುರಿ ಕಾಯುವ ಹುಡುಗ ಇದೇನು ಡಬ್ಬಿ ಅಂತ ಕೈ ಹಾಕುತ್ತಾನೆ. ಆಕಳು ಬಂದು ಮೈ ಉಜ್ಜುತ್ತದೆ. ಹೊಲಕ್ಕೆ ತಂತಿ ಬಿಟ್ಟು ಜೀವ ಹೋದ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ನಾವು ಓದದ ವರ್ಷವಿದೆಯಾ? ಆವತ್ತು ಜೈಲಿಗೆ ಹೋಗುವುದು ಕಳ್ಳ ಅಲ್ಲ, ನೀವು.

ಪೊಲೀಸ್ ದೂರು ಕೊಡಿ, ಆದರೆ ಕಾಗದ ಇಟ್ಟುಕೊಂಡು ಕೊಡಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಳ್ಳತನ ಅದರ 303ನೇ ಕಲಮಿಗೆ ಬರುತ್ತದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕದ್ದವನಿಗೆ ಅದು ಮೊದಲನೇ ಸಲವಾಗಿ, ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ ಅಷ್ಟೇ. ಹಾಗಾಗಿ ಬೆಲೆ ತೋರಿಸುವ ಬಿಲ್ ಬಹಳ ಮುಖ್ಯ. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ. ಠಾಣೆಯಲ್ಲಿ ದಾಖಲಿಸದಿದ್ದರೆ ಬರೆದು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಬಹುದು. ಇನ್ನೊಂದು ವಿಷಯ, ಆ ಮರ ನಿಮ್ಮ ಪಹಣಿಯಲ್ಲಿದೆಯೋ ಮೀಸಲು ಅರಣ್ಯದಲ್ಲಿದೆಯೋ ಮೊದಲು ನೋಡಿಕೊಳ್ಳಿ. ಅರಣ್ಯದ ಒಳಗೆ ಅನುಮತಿ ಇಲ್ಲದೆ ಕಟ್ಟಿದ್ದರೆ ಪ್ರಶ್ನೆ ನಿಮ್ಮ ಕಡೆಗೇ ತಿರುಗುತ್ತದೆ.

2023ರಲ್ಲಿ ನಾನು ಇನ್ನೊಂದು ಕ್ಯಾಮೆರಾ ತಗೊಂಡೆ. ರಾತ್ರಿ ಪಟ ತೆಗೆಯುವಾಗ ಹಳೆಯದರ ದೀಪ ಮಂದ ಕೆಂಪಾಗಿ ಕಾಣುತ್ತಿತ್ತು. ಅದರ ಬೆಳಕಿನ ಅಲೆಯ ಉದ್ದ 850 ನ್ಯಾನೋಮೀಟರ್. ಈಗಿನದು 940ರದು, ಮನುಷ್ಯನ ಕಣ್ಣಿಗೆ ಕಾಣಲ್ಲ. ದೂರದ ಪಟ ಸ್ವಲ್ಪ ಮಂಕಾಗಿ ಬರುತ್ತದೆ, ಪರವಾಗಿಲ್ಲ. ಪಾಸ್‌ವರ್ಡ್ ಹಾಕಿದ್ದೇನೆ. ಸೀರಿಯಲ್ ನಂಬರ್ ಅಪ್ಪನ ಡೈರಿಯಲ್ಲಿದೆ. ಬೈಕ್ ಒಯ್ಯದೆ ನಡೆದುಕೊಂಡೇ ಹೋಗಿ ಹದಿನೈದು ದಿನಕ್ಕೊಮ್ಮೆ ಕಾರ್ಡ್ ತೆಗೆಯುತ್ತೇನೆ. ಕಟ್ಟುವ ಮೊದಲು ಕುರಿಯ ಅಜ್ಜನಿಗೆ ಹೇಳಿದೆ. ಹಿಂದೆ ಜೋರು ಮಾಡಿದ್ದಕ್ಕೆ ಕೈ ಮುಗಿದೂ ಬಂದೆ. ಈಗ ನನ್ನ ಕ್ಯಾಮೆರಾದ ಮೇಲೆ ಒಂದು ಕಣ್ಣಿಟ್ಟಿರುವವನು ಅಜ್ಜನೇ. ಯಾವ ಬೀಗವನ್ನೂ ನಾನು ಅಷ್ಟು ನಂಬುವುದಿಲ್ಲ.

ಪಟಗಳನ್ನು ಗಾರ್ಡ್‌ಗೆ ಮಾತ್ರ ಕಳಿಸುತ್ತೇನೆ. ಪರಿಹಾರದ ಅರ್ಜಿಗೆ ಅಷ್ಟು ಸಾಕು. ಬೇರೆಯವರು ಕೇಳಿದರೆ ಫೋನಿನಲ್ಲೇ ತೋರಿಸುತ್ತೇನೆ, ಕಳಿಸುವುದಿಲ್ಲ. ಹೋದ ವರ್ಷ ಒಂದು ಕರಡಿ ಬಂತು. ಮುಂಗಾಲು ಒಂದನ್ನು ಪೂರ್ತಿ ಊರುತ್ತಿರಲಿಲ್ಲ. ಅದೇನಾ, ಬೇರೆಯದಾ, ಹೇಳೋಕಾಗಲ್ಲ. ಅವ್ವನಿಗೆ ತೋರಿಸಿದೆ. ಅವಳು ಪಟವನ್ನು ದೊಡ್ಡದು ಮಾಡಿ ಬೆನ್ನ ಮೇಲೆಯೇ ನೋಡುತ್ತಿದ್ದಳು.

ನಿಮ್ಮ ಚಿರತೆಯ ಹಿಂದೆ ಒಂದು ಮೊಬೈಲ್ ಟವರ್ ಕಾಣುತ್ತದೆ. ಎಡಕ್ಕೆ ಗುಡಿಯ ಬಾವುಟವೂ ಇದೆ. ಸಂಡೂರಿನ ಕಡೆಯವರಿಗೆ ಇನ್ನೇನು ಬೇಕು ಹೇಳಿ. ತೆಗೆದುಬಿಡಿ. ನೆಲ ನೋಡಿ ಬಂದ ಮೇಲೆ ತಂತಿ ಸಿಕ್ಕಿತೋ ಇಲ್ಲವೋ ಇಲ್ಲೇ ಕೆಳಗೆ ತಿಳಿಸಿ, ಕಾಯುತ್ತಿರುತ್ತೇನೆ. ಎಲ್ಲಿ ಸಿಕ್ಕಿತು ಅಂತ ಮಾತ್ರ ಬರೆಯಬೇಡಿ.